ನಾಲ್ಕನೆಯ ಉಸಿರು

ವೇದಿಕೆಯ ಮೇಲೆ ನಿಂತವಳಿಗೆ ಮುನ್ನೂರು ಮುಖಗಳಲ್ಲಿ ಕಂಡದ್ದು ಒಂದೇ. ಮೂಲೆಯಲ್ಲಿ ಮೈಕ್ ಸೆಟ್ಟಿನ ಮುಂದೆ ಕೂತಿದ್ದ ಯುವಕನದು. ಅವನು ಅವಳನ್ನೇ ನೋಡುತ್ತಿದ್ದ. ಆ ಕಣ್ಣಲ್ಲಿ ಕನಿಕರವಿತ್ತು.

ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದವಳು. ಆ ಕೆಲಸವನ್ನು ಹೊರಗಿನ ಕಂಪನಿಗೆ ಕೊಡುವ ತೀರ್ಮಾನ ಅಂದಿನ ಸಭೆಯಲ್ಲೇ ಆಗಬೇಕಿತ್ತು. ತಾನೂ ಸೇರಿ ಎಂಟು ಹೆಂಗಸರ ಪರವಾಗಿ ಮಾತಾಡಲು ಅವಳಿಗೆ ಮೂರು ನಿಮಿಷ ಸಿಕ್ಕಿತ್ತು.

ನಾಲಿಗೆ ಒಣಗಿತು. ಮಂಡಿ ನಡುಗಿತು. ಹೀಗಾಗುತ್ತದೆಂದು ಗೊತ್ತಿದ್ದೇ ತಿಂಗಳಿಡೀ ಅಕ್ಕನ ಮುಂದೆ ನಿಂತು ಅಭ್ಯಾಸ ಮಾಡಿದ್ದಳು.

"ಹೆದರಿಕೆ ಹೋಗಲ್ಲ ಕಣೇ, ಓಡಿಸೋಕೆ ಹೋಗಬೇಡ. ಐದು ಸಲ ನಿಧಾನವಾಗಿ ಉಸಿರು ಬಿಡು. ನಡುಕ ಇದ್ದ ಹಾಗೇ ಶುರು ಮಾಡು. ಜನ ಕಾಯ್ತಾರೆ," ಎಂದಿದ್ದಳು ಅಕ್ಕ.

"ನಗ್ತಾರೆ."

"ನಗಲಿ. ಅವರ ಹಲ್ಲು ಅವರದು."

ಒಂದು... ಎರಡು... ಮೂರು... ನಾಲ್ಕು...

ಟಕ್ ಎಂದಿತು. ಮೈಕ್ ಸತ್ತಿತ್ತು.

"ಲೈನ್ ಹೋಯ್ತು ಸಾರ್, ಅರ್ಧ ಗಂಟೆ ಬೇಕು," ಎಂದು ಯುವಕ ಕೂಗಿದ.

ಐದನೇ ಉಸಿರಿಗೆ ಕಾಯದೆ ಅವಳು ಮೈಕಿಲ್ಲದೆಯೇ ಮಾತು ಶುರು ಮಾಡಿದಳು. ದನಿ ಎರಡನೇ ಸಾಲು ದಾಟಲಿಲ್ಲ. ಜನ ಎದ್ದು ಕುರ್ಚಿ ಸರಿಸತೊಡಗಿದರು. ಅಧ್ಯಕ್ಷರು ಗಡಿಯಾರ ನೋಡಿ ಕಾಗದಕ್ಕೆ ಸಹಿ ಹಾಕಿದರು. ಎಂಟು ಜನರಿಗೂ ಇನ್ನೊಂದೇ ತಿಂಗಳು ಕೆಲಸ.

ಮರುದಿನ ಮೈಕಿನ ಯುವಕ ಅವಳನ್ನು ಹುಡುಕಿಕೊಂಡು ಬಟ್ಟೆ ಒಗೆಯುವಲ್ಲಿಗೆ ಬಂದ. ಆಮೇಲೆ ದಿನಾ ಬಂದ. ದೊಡ್ಡ ಹಾಸಿಗೆ ಬಟ್ಟೆಗಳನ್ನು ಒಬ್ಬರೇ ಮಡಚಲಾಗದು; ಇನ್ನೊಂದು ತುದಿಯನ್ನು ಅವನು ಹಿಡಿಯುತ್ತಿದ್ದ.

"ಮೈಕಣ್ಣ ಬಂದ, ತುದಿ ಕೊಡ್ರೇ ಅವನ ಕೈಗೆ," ಎಂದು ಹೆಂಗಸರು ಕಾಡಿಸುತ್ತಿದ್ದರು. ಅವಳು ಬೈದಂತೆ ಮಾಡಿ ಬಾಗಿಲ ಕಡೆ ಕಣ್ಣಿಟ್ಟಿರುತ್ತಿದ್ದಳು.

ಮೂರನೇ ವಾರ, ಬಟ್ಟೆಯ ಆ ತುದಿಯಿಂದ ಅವನೆಂದ:

"ಅವತ್ತು ಲೈನ್ ಹೋಗಿರಲಿಲ್ಲ. ನಾನೇ ಆಫ್ ಮಾಡಿದ್ದು."

ಅವಳಿಗೆ ಅರ್ಥವಾಗಲಿಲ್ಲ.

"ಮಾತಾಡೋರು ತಡವರಿಸಿದ್ರೆ ತಪ್ಪು ಮೈಕ್ ಮೇಲೆ ಹಾಕ್ತೀವಿ. ಅವರ ಮಾನ ಉಳಿಯತ್ತೆ. ಈ ಕೆಲಸ ಕಲಿಸಿದವರು ಹಾಗೇ ಕಲಿಸಿದ್ದು."

"ನಾನು ತಡವರಿಸಿರಲಿಲ್ಲ. ಇನ್ನೊಂದು ಉಸಿರು ಬಾಕಿ ಇತ್ತು ನಂಗೆ."

"ಗೊತ್ತಿರಲಿಲ್ಲ..."

"ಎಂಟು ಮನೆ ಒಲೆ ಆರಿಸಿದ್ರಿ. ಹೋಗಿ."

ಅವನು ಹೋದ. ಆ ರಾತ್ರಿ ಅವಳು ಅಕ್ಕನಿಗೂ ಹೇಳದೆ ಅತ್ತಳು. ಯಾವುದು ಹೆಚ್ಚು ಸುಡುತ್ತಿದೆ, ಕೆಲಸ ಹೋದದ್ದೋ, ಇವನು ಹೋದದ್ದೋ? ಹಾಗೆ ಕೇಳಿಕೊಂಡದ್ದಕ್ಕೇ ತನ್ನ ಮೇಲೆ ಅಸಹ್ಯವಾಯಿತು.

ಕೆಲಸದ ಕೊನೆಯ ಸಂಜೆ ಅವನು ಬಾಗಿಲಲ್ಲಿ ನಿಂತಿದ್ದ. ಉಳಿದವರು ಹೋಗಿಯಾಗಿತ್ತು.

"ಆಡಳಿತ ಮಂಡಳಿ ಮುಂದೆ ಹೋಗಿದ್ದೆ. ತಪ್ಪು ನಂದು, ಇವರಿಗೆ ಇನ್ನೊಂದು ಅವಕಾಶ ಕೊಡಿ ಅಂತ ಹೇಳೋಕೆ. ಇದ್ದದ್ದು ಐದೇ ಜನ. ಬಾಯೇ ಬರಲಿಲ್ಲ. ಹತ್ತು ವರ್ಷದಿಂದ ಬೇರೆಯವರ ಬಾಯಿಗೆ ಮೈಕ್ ಹಿಡಿದವನು ನಾನು. ಕಾಲು ನನ್ನವೇ ಅಲ್ಲ ಅನಿಸ್ತು. ಕೊನೆಗೆ ಬರೆದು ಕೊಟ್ಟೆ."

"ಏನಂದ್ರು?"

"ಒಪ್ಪಂದ ಆಗಿಹೋಗಿದೆಯಂತೆ. ಇನ್ನೇನೂ ಆಗಲ್ಲ."

ಅವಳು ಬೆಂಚಿನ ಮೇಲೆ ಕುಸಿದಳು. ಕೋಪ ತೀರಿರಲಿಲ್ಲ. ಆದರೆ ಅವನ ಕಾಲು ಅವನದಲ್ಲದ ಆ ಗಳಿಗೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇನ್ನಾರಿಗೂ ಅದು ಗೊತ್ತಿರಲಿಲ್ಲ.

"ನಂಗೆ ನೀವು ಬೇಕು," ಎಂದನವನು. "ಕೇಳೋ ಯೋಗ್ಯತೆ ಇಲ್ಲ. ಗೊತ್ತು."

"ಇಲ್ಲ ನಿಜ," ಎಂದಳು. ಸ್ವಲ್ಪ ಸರಿದು ಬೆಂಚಿನಲ್ಲಿ ಜಾಗ ಮಾಡಿ, ಅವನ ಕೈ ಹಿಡಿದು ಕೂರಿಸಿದಳು. "ಆ ಏಳು ಜನಕ್ಕೂ ಮೈಕ್ ಕೆಟ್ಟಿತ್ತು ಅಂತಲೇ ನಂಬಿಕೆ. ನಾಳೆ ಬಾಕಿ ಸಂಬಳಕ್ಕೆ ಎಲ್ಲರೂ ಬರ್ತಾರೆ, ಆಗ ನಿಜ ಹೇಳಬೇಕು."

"ನಾನೇ ಹೇಳ್ತೀನಿ."

"ನಿಮಗೆ ಬಾಯಿ ಬರಲ್ಲ. ನಾನು ಹೇಳ್ತೀನಿ, ನೀವು ಪಕ್ಕದಲ್ಲಿ ನಿಂತಿರಿ. ತುಂಬಾ ಬೈತಾರೆ."

"ನಿಮಗೂ ಬೈತಾರಾ?"

"ನಿಮ್ಮ ಪಕ್ಕ ನಿಂತಿದ್ದಕ್ಕೆ ನಂಗೇ ಜಾಸ್ತಿ," ಎಂದಳು, ಅವನ ಕೈ ಬಿಡದೆ.