ಹಸಿರು ಗ್ರಂಥಿಬಳೆ

ನೀಲವ್ವನ ಮುಂಗೈಯಲ್ಲಿ ಹಸಿರು ಬಳೆ ಸಣ್ಣಗೆ ನಡುಗಿತೆಂದರೆ ಅವಳ ರಕ್ತಕ್ಕೆ ಕಾರ್ಟಿಸಾಲ್ ಇಳಿಯಿತೆಂದೇ ಅರ್ಥ. ಗದಗಿನ ಖಾನಾವಳಿಯಲ್ಲಿ ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುವ ಹೆಂಗಸು ಒಂದು ಕಾಲಕ್ಕೆ ನಾಲ್ಕು ರೊಟ್ಟಿಗೇ ಗೋಡೆಗೊರಗುತ್ತಿದ್ದಳು. ಅವಳನ್ನು ಎಬ್ಬಿಸಿ ನಿಲ್ಲಿಸಿದ್ದು ಡಾ. ಸುಮಿತ್ರಾ ನರೇಗಲ್ ಕಂಡುಹಿಡಿದ ಈ ಗ್ರಂಥಿಬಳೆ.

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಗಳು ಈ ಕಾರ್ಟಿಸಾಲ್ ಹಾರ್ಮೋನನ್ನು ಸ್ರವಿಸುತ್ತವೆ. ಜ್ವರ, ಗಾಯ, ದುಃಖ ಏನೇ ಬರಲಿ, ಮೈ ತಡೆದುಕೊಳ್ಳುವುದು ಇದರಿಂದಲೇ. ಎಷ್ಟು ಬೇಕೆಂದು ಅಪ್ಪಣೆ ಕೊಡುವುದು ಮಿದುಳಿನ ಬುಡದ ಪಿಟ್ಯುಟರಿ. ಹಾರ್ಮೋನು ಹೊರಗಿನಿಂದಲೇ ಬರತೊಡಗಿದರೆ ಪಿಟ್ಯುಟರಿ ಅಪ್ಪಣೆ ನಿಲ್ಲಿಸುತ್ತದೆ, ಗ್ರಂಥಿ ಸೊರಗುತ್ತದೆ. ದಿನಾ ಖಾನಾವಳಿಯ ಡಬ್ಬಿ ಬರುವ ಮನೆಯಲ್ಲಿ ಒಲೆ ಹಚ್ಚುವವರು ಯಾರು? ಹತ್ತು ವರ್ಷ ತೊಟ್ಟವಳಿಗೆ ಬಳೆಯೇ ಗ್ರಂಥಿ. ತೆಗೆದರೆ ಎರಡು ದಿನ ಬದುಕಿದರೆ ಹೆಚ್ಚು.

ಸುಮಿತ್ರಾಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಮೊದಲು ಸೊಂಟಕ್ಕೆ ಕಟ್ಟುವ ಪೆಟ್ಟಿಗೆ ಮಾಡಿದ್ದಳು. ಹೆಂಗಸರು ಸ್ನಾನಕ್ಕೆ ಬಿಚ್ಚಿ ಗೂಟಕ್ಕೆ ನೇತುಹಾಕಿ ಮರೆತರು. ಆಗ ಹೊಳೆದದ್ದು ಬಳೆ. ಈ ಸೀಮೆಯ ಮುತ್ತೈದೆ ಪ್ರಾಣ ಬಿಟ್ಟಾಳು, ಹಸಿರು ಬಳೆ ಬಿಟ್ಟಾಳೇ! ತನ್ನ ಜಾಣತನಕ್ಕೆ ತಾನೇ ಹಿಗ್ಗಿದ್ದಳು. ತೆಗೆದರೆ ಸಾವೆಂದು ಯಾರನ್ನೂ ಹೆದರಿಸುವ ಅಗತ್ಯವೂ ಕಾಣಲಿಲ್ಲ. ಮುತ್ತೈದೆತನಕ್ಕೂ ಒಂದು ಕೊನೆಯಿದೆ ಎಂಬುದು ಪ್ರಯೋಗಾಲಯದಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ಸೋಮವಾರ ನೀಲವ್ವನ ಗಂಡ ಈರಪ್ಪ ತೀರಿಕೊಂಡ. ಈರಪ್ಪನ ಅಕ್ಕ ಚನ್ನವ್ವ ಮುಂದೆ ನಿಂತು ನೀಲವ್ವನ ಗಾಜಿನ ಬಳೆಗಳನ್ನೆಲ್ಲ ಒಡೆಸಿದಳು. ಗ್ರಂಥಿಬಳೆ ಒಡೆಯಲಿಲ್ಲ. ಅದು ಔಷಧವೆಂದು ಎಲ್ಲರಿಗೂ ಗೊತ್ತು. ಆದರೆ ಗಂಡ ಹೋದವಳ ಕೈಯಲ್ಲಿ ಹಸಿರು ಬಳೆ ಕಂಡರೆ ಜನ ಏನಂದಾರು? ನಾಲ್ಕು ದಿನ ಕಳೆದು ಡಾಕ್ಟರರ ಹತ್ತಿರ ಬೇರೆ ಬಣ್ಣದ್ದು ತಂದರಾಯಿತು ಎಂದುಕೊಂಡರು. ಚಿನ್ನಬೆಳ್ಳಿ ಕೆಲಸದ ಪತ್ತಾರನ ಗರಗಸ ಬಂತು. ಮಗಳು ಶಾಂತವ್ವ ತಾಯಿಯ ಕೈ ಅಲುಗದಂತೆ ಹಿಡಿದುಕೊಂಡಳು. ನೀಲವ್ವ ಬೇಡವೆನ್ನಲಿಲ್ಲ, ಅವಳಿಗೆ ಆ ಹೊತ್ತಿನಲ್ಲಿ ಬದುಕೇ ಬೇಡವಾಗಿತ್ತು.

ಮರುದಿನ ವಾಂತಿ, ಆಮೇಲೆ ನಿತ್ರಾಣ. ಎಲ್ಲರೂ ದುಃಖವೆಂದೇ ತಿಳಿದರು. ಸುದ್ದಿ ಮುಟ್ಟಿ ಸುಮಿತ್ರಾ ಬುಧವಾರ ಇಂಜೆಕ್ಷನ್ ಹಿಡಿದು ಓಡಿ ಬಂದಾಗ ಹೆಣದ ಮೇಲೆ ಸೀರೆ ಹೊದಿಸಿದ್ದರು.

ಅಂಗಳದ ತುಂಬ ಹೆಂಗಸರು. ಗಂಡನ ಬೆನ್ನಿಗೇ ಹೋದ ಪುಣ್ಯವಂತಿ ಎಂದು ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅವರಲ್ಲಿ ಏಳೆಂಟು ಮಂದಿಯ ಕೈಯಲ್ಲಿ ಗ್ರಂಥಿಬಳೆ ಇತ್ತು. ಸುಮಿತ್ರಾ ಆ ಬಳೆಗಳನ್ನು ಎಣಿಸಿದಳು. ತೆಗೆದರೆ ಸಾವೆಂದು ಇವರಿಗೆಲ್ಲ ಈಗಲೇ ಹೇಳಿಬಿಡಬೇಕು ಎಂದುಕೊಳ್ಳುವಷ್ಟರಲ್ಲಿ ಶಾಂತವ್ವ ಅವಳ ಕೈ ಜಗ್ಗಿದಳು.

"ಅಕ್ಕಾರ, ಖರೇ ಹೇಳ್ರಿ. ಅವ್ವನ ಕೈ ಹಿಡದಾಕಿ ನಾನ. ಬಳಿ ತಗದಿದ್ದಕ್ಕ ಹೋದ್ಲೇನ್ರಿ?"

ಹತ್ತೊಂಬತ್ತರ ಹುಡುಗಿ. ಎರಡು ದಿನದಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವಳು.

"ಇಲ್ಲವ್ವಾ," ಎಂದಳು ಸುಮಿತ್ರಾ. "ಬಳಿಗೂ ಅದಕ್ಕೂ ಸಂಬಂಧ ಇಲ್ಲ."

ಶಾಂತವ್ವ ಅವಳ ಕೊರಳಿಗೆ ಬಿದ್ದು ಹೋ ಎಂದು ಅತ್ತಳು. ಚನ್ನವ್ವ ಅಂಗಳದ ಕಡೆ ತಿರುಗಿದಳು.

"ಕೇಳಿದ್ರಿಲ್ಲೊ? ಡಾಕ್ಟರ್ ಅಕ್ಕಾರ ಅಂದ್ರು. ಬಳಿ ತಗದ್ರ ಏನೂ ಆಗೂದಿಲ್ಲಂತ."

ಹೆಂಗಸರು ಸಮಾಧಾನದಿಂದ ತಲೆದೂಗಿದರು. ಸುಮಿತ್ರಾ ಬಾಯಿ ತೆರೆದಳು. ಕೊರಳ ಸುತ್ತ ಹುಡುಗಿಯ ಕೈಗಳು ಬಿಗಿಯಾಗಿದ್ದವು. ತೆರೆದ ಬಾಯಿ ಮುಚ್ಚಿ ಅವಳ ತಲೆ ನೇವರಿಸಿದಳು.