ಎಡಕ್ಕೆ ಎಳೆಯುವ ವಿಮಾನ

ಫೈಟರ್ ಜೆಟ್ ಮತ್ತೆ ರನ್‌ವೇ ಬಿಟ್ಟು ಎಡಗಡೆಯ ಹುಲ್ಲಿಗೆ ನುಗ್ಗಿತು. ಪರದೆಯ ಮೇಲೆ ಧೂಳೆದ್ದಿತು, ಮೂಗು ನೆಲಕ್ಕೆ ಹೂತಿತು, ಎಲ್ಲ ನಿಂತುಹೋಯಿತು.

“ನಿನ್ನ ಜೆಟ್‌ಗೆ ಹಸಿವು ಜಾಸ್ತಿ ಕಣೇ,” ಎಂದ ಅಂಜನ್, ಬಾಗಿಲಿಗೆ ಒರಗಿಕೊಂಡೇ. “ದಿನಾ ಮೇಯೋಕೇ ಹೋಗುತ್ತೆ.”

ಕೀರ್ತನ ಹೆಡ್‌ಫೋನ್ ಕಿತ್ತು ತೊಡೆಯ ಮೇಲೆ ಕುಕ್ಕಿದಳು. ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ತಮಾಷೆ ಮಾಡುವಾಗ ಅವನ ಒಂದು ಹುಬ್ಬು ಮಾತ್ರ ಮೇಲೇರುವುದನ್ನು ಕದ್ದು ನೋಡಿ, ನೋಡಲಿಲ್ಲವೆಂಬಂತೆ ಯಾವುದೋ ವೈರು ಸರಿಪಡಿಸುತ್ತಿದ್ದಳು. ಇವತ್ತು ಆ ಹುಬ್ಬು ಕಂಡರೆ ಮೈ ಉರಿಯಿತು.

ದೊಡ್ಡಬಳ್ಳಾಪುರದ ಅವಳ ಮನೆಯ ಹಿಂದೆ ಪವರ್‌ಲೂಮ್ ಶೆಡ್ಡು. ಅದರ ಅರ್ಧವನ್ನು ಅಪ್ಪ ನಂದಕುಮಾರ್ ಖಾಲಿ ಮಾಡಿಕೊಟ್ಟಿದ್ದರು. ಅಲ್ಲೇ ಇಬ್ಬರೂ ಸೇರಿ ಈ ಸಿಮ್ಯುಲೇಟರ್ ಕಟ್ಟಿದ್ದರು. ಹಳೇ ಕಾರಿನ ಸೀಟು, ಮೂರು ಪರದೆ, ವೆಲ್ಡಿಂಗ್ ಮಾಡಿಸಿದ ಕಂಬಿಗಳು, ಕಾಲಡಿಗೆ ಎರಡು ಪೆಡಲ್. ಈಗ ವರಮಹಾಲಕ್ಷ್ಮಿ ಹಬ್ಬದ ಸೀರೆಗಳಿಗೆ ಆರ್ಡರ್ ಬರತೊಡಗಿತ್ತು, ಮಗ್ಗಕ್ಕೆ ಜಾಗ ಬೇಕಾಗಿತ್ತು. ಇವತ್ತು ಸಂಜೆ ದೇವನಹಳ್ಳಿಯ ಪೈಲಟ್ ಕೋಚಿಂಗ್ ಸೆಂಟರಿನ ಯಶಸ್ವಿನಿ ಮೇಡಂ ನೋಡಲು ಬರುತ್ತಾರೆ. ಒಪ್ಪಿದರೆ ಸಿಮ್ಯುಲೇಟರ್ ಅಲ್ಲಿಗೆ, ಇಬ್ಬರಿಗೂ ಅಲ್ಲೇ ಕೆಲಸ. ಒಪ್ಪದಿದ್ದರೆ ನಾಳೆ ಇಲ್ಲಿ ಮಗ್ಗ ಕೂರುತ್ತದೆ. ತನ್ನೂರು ಸಾಸಲಿನಿಂದ ಬೈಕ್ ಓಡಿಸಿಕೊಂಡು ಬರಲು ಅಂಜನ್‌ಗೆ ನೆಪವೇ ಇರುವುದಿಲ್ಲ.

ಆ ಕೊನೆಯದನ್ನು ಕೀರ್ತನ ಯಾರಿಗೂ ಹೇಳಿರಲಿಲ್ಲ.

“ಸಂಜೆ ನಾನೇ ಕೂತ್ಕೋತೀನಿ ಬಿಡು,” ಎಂದ ಅವನು. “ನೀನು ಪಕ್ಕದಲ್ಲಿ ನಿಂತ್ಕೊಂಡು ಮಾತಾಡು.”

“ಏನಂದೆ?”

“ನಾನು ಕೂತ್ರೆ ನೇರ ಹೋಗುತ್ತೆ. ನೀನು ಕೂತ್ರೆ ಹೋಗಲ್ಲ. ಅದಕ್ಕೆ ಹೇಳ್ದೆ.”

“ಓಡಿಸೋದು ನಾನು, ವಿವರಿಸೋದು ನೀನು ಅಂತ ಮಾತಾಗಿತ್ತಲ್ವಾ?”

“ಸ್ಟಿಕ್ ಬದಲಾಯಿಸಿದ್ವಿ. ಕೇಬಲ್ ಬದಲಾಯಿಸಿದ್ವಿ. ಸಿಮ್ಯುಲೇಟರ್‌ನ ಗಾಳಿ ಪೂರ್ತಿ ನಿಲ್ಲಿಸಿ ನೋಡಿದ್ವಿ. ಇನ್ನು ಬದಲಾಯಿಸದೇ ಉಳಿದಿರೋದು ನಿನ್ನ ಕಾಲು ಮಾತ್ರ ಕಣೇ.”

ಗೋಡೆಯ ಬದಿಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ಅಜ್ಜಿ ಕದಿರಮ್ಮನ ರಾಟೆ ಒಂದು ಗಳಿಗೆ ನಿಂತಿತು. ಮತ್ತೆ ತಿರುಗಿತು.

ಚಿಕ್ಕವಳಿದ್ದಾಗ ಇದೇ ರಾಟೆಯ ಪಕ್ಕದಲ್ಲಿ ಮಲಗಿ ಕೀರ್ತನ ಮರದ ಕುದುರೆಯ ಕಥೆ ಕೇಳಿದ್ದಳು. ಎದೆಯೊಳಗೆ ಏನನ್ನೋ ಮುಚ್ಚಿಟ್ಟುಕೊಂಡವರು ಹತ್ತಿದರೆ ಆ ಕುದುರೆ ಮೇಲೇಳುವುದಿಲ್ಲವಂತೆ, ಮಗ್ಗುಲಿಗೆ ಹೊರಳಿ ಕೆಡವುತ್ತದಂತೆ. ಈಚೆಗೆ ಜೆಟ್ ಎಡಕ್ಕೆ ಹೊರಳಿದಾಗಲೆಲ್ಲ ಅವಳಿಗೆ ಆ ಕಥೆಯೇ ನೆನಪಾಗುತ್ತಿತ್ತು. ತಾನು ಮುಚ್ಚಿಟ್ಟಿರುವುದು ಇವನನ್ನೇ ಅಲ್ಲವೇ? ಹುಚ್ಚು ಯೋಚನೆ ಎಂದು ಗೊತ್ತಿದ್ದರೂ, ಹಾಸಿಗೆಯಲ್ಲಿ ಮಲಗಿ ಗೋಡೆಗೆ ಅಂಗಾಲು ಒತ್ತಿ, ಎರಡೂ ಕಾಲು ಸಮವಾಗಿ ತಳ್ಳುವುದನ್ನು ಅಭ್ಯಾಸ ಮಾಡಿದ್ದಳು.

ಅಷ್ಟೆಲ್ಲ ಮಾಡಿದ್ದಕ್ಕೆ ಈ ಮಾತು.

“ನನ್ನ ಕಾಲು ತಾನೇ?” ಅವಳು ಸೀಟಿನಿಂದ ಜಿಗಿದಳು. “ತೆಗೆದೆ ನೋಡು! ಈಗ ಯಾರ ಕಾಲೂ ಇಲ್ಲ!”

ಜೆಟ್ಟನ್ನು ರನ್‌ವೇ ತುದಿಗೆ ತಂದು ನಿಲ್ಲಿಸಿ, ಬದಿಯಲ್ಲಿ ನಿಂತೇ ಥ್ರಾಟಲ್ ಪೂರ್ತಿ ಮುಂದಕ್ಕೆ ತಳ್ಳಿದಳು. ಬರೀ ಸಿಟ್ಟಿಗೆ ಮಾಡಿದ್ದು. ಎಂಜಿನ್ ಗರ್ಜಿಸಿತು. ಖಾಲಿ ಸೀಟನ್ನು ಹೊತ್ತ ಜೆಟ್ ಓಡಿತು, ವೇಗ ಏರಿತು, ಮೂಗು ಮೆಲ್ಲಗೆ ಎಡಕ್ಕೆ ವಾಲಿತು.

ಹುಲ್ಲು. ಧೂಳು.

ಕೀರ್ತನ ಪರದೆಗೆ ಬಾಗಿದಳು. ಪಕ್ಕದಲ್ಲಿ ಮಗ್ಗಗಳು ಟಕಟಕ ಅನ್ನುತ್ತಿದ್ದವು.

“ಯಾರೂ ಕೂತಿಲ್ಲ,” ಎಂದಳು ಕೀರ್ತನ. “ಆದ್ರೂ ಎಡಕ್ಕೇ.”

ಅವಳು ಕೀಬೋರ್ಡ್ ಎಳೆದುಕೊಂಡು ಪೆಡಲ್‌ಗಳ ಸೆಟ್ಟಿಂಗ್ ತೆರೆದಳು. ಎಡ ಬ್ರೇಕಿಗೆ ಒಂದು, ಬಲ ಬ್ರೇಕಿಗೆ ಒಂದು, ಎರಡು ಪಟ್ಟಿಗಳು. ಪೆಡಲ್‌ನ ಮೇಲ್ತುದಿಯನ್ನು ಬೆರಳುಗಳಿಂದ ಒತ್ತಿದರೆ ಆ ಬದಿಯ ಬ್ರೇಕು ಹಿಡಿಯುತ್ತದೆ, ಪಟ್ಟಿ ಹಸಿರಾಗುತ್ತದೆ. ಈಗ ಯಾರೂ ಮುಟ್ಟದಿದ್ದರೂ ಎಡ ಪಟ್ಟಿಯ ಬುಡದಲ್ಲಿ ಸ್ವಲ್ಪ ಹಸಿರಿತ್ತು.

“ಎಡ ಬ್ರೇಕು ಯಾವಾಗ್ಲೂ ಒತ್ಕೊಂಡಿರೋ ಹಾಗೆ ಯಾರೋ ಸೆಟ್ ಮಾಡಿದಾರೆ.”

“ನಾನೇ ಮಾಡಿದ್ದು,” ಎಂದ ಅಂಜನ್. ದನಿ ತಗ್ಗಿತ್ತು. “ಶುರುನಲ್ಲಿ ಬಲಕ್ಕೆ ಎಳೀತಿತ್ತು. ಪೆಡಲ್ ಸರಿಯಿಲ್ಲ ಅಂದ್ಕೊಂಡು ಎಡಕ್ಕೂ ಚೂರು ಬ್ರೇಕ್ ಕೊಟ್ಟೆ. ನೇರ ಆಯ್ತು.”

“ಕೂತ್ಕೋ.”

“ಯಾಕೆ?”

“ಕೂತ್ಕೋ ಅಂದೆ ಕಣೋ!”

ಅವನು ಕೂತ. ಬಲಗಾಲು ಪೆಡಲ್ ಮೇಲೆ ಬಂದ ಕೂಡಲೇ ಬಲ ಪಟ್ಟಿಯ ಬುಡದಲ್ಲೂ ಅಷ್ಟೇ ಹಸಿರು ಮೂಡಿತು. ಅವನು ಒತ್ತುತ್ತಿರಲಿಲ್ಲ. ಕಾಲು ಸುಮ್ಮನೆ ಇತ್ತು, ಆದರೆ ಬೆರಳುಗಳು ಮುಂದಕ್ಕೆ ಚಾಚಿಕೊಂಡೇ ಇದ್ದವು. ಪಾದದ ಕೀಲು ಮಡಚುತ್ತಿರಲಿಲ್ಲ.

ಕೀರ್ತನಳಿಗೆ ಒಂದೊಂದಾಗಿ ಅರ್ಥವಾಯಿತು. ಏರ್‌ಫೋರ್ಸ್ ಸೇರಲು ಓದುತ್ತಿದ್ದವನು ನೆಲಮಂಗಲದ ಹೈವೇಯಲ್ಲಿ ಲಾರಿ ತಗುಲಿ ಬಿದ್ದಿದ್ದ. ಕಾಲು ಪೂರ್ತಿ ಸರಿಹೋಯಿತು, ಏರ್‌ಫೋರ್ಸ್ ನನಗೇ ಬೇಡ ಅನ್ನಿಸಿತು ಎಂದಿದ್ದ. ನಿಂತಲ್ಲೆಲ್ಲ ಬಾಗಿಲಿಗೆ, ಗೋಡೆಗೆ, ಬೈಕಿಗೆ ಒರಗುತ್ತಿದ್ದ. ಅದನ್ನು ಅವಳು ಚೆಂದ ಅಂದುಕೊಂಡಿದ್ದಳು.

ಅಂಜನ್ ಪಟ್ಟಿಯನ್ನೇ ನೋಡಿದ. ಮುಖ ಬಿಳಿಚಿತು. ಎದ್ದು ಹೊರಗೆ ನಡೆದ. ಮೊದಲ ಬಾರಿಗೆ ಕುಂಟುತ್ತಾ ನಡೆದ, ಮುಚ್ಚಿಡಲಿಲ್ಲ.

ಬೈಕ್ ಸ್ಟಾರ್ಟ್ ಆಗುವಷ್ಟರಲ್ಲಿ ಅವಳು ಮುಂದಿನ ಚಕ್ರಕ್ಕೆ ಅಡ್ಡ ನಿಂತಿದ್ದಳು.

“ಜರುಗು ಕೀರ್ತನ.”

“ಜರುಗಲ್ಲ. ನನ್ನ ಮೇಲೇ ಹತ್ತಿಸ್ಕೊಂಡು ಹೋಗು.”

“ಸೆಟ್ಟಿಂಗ್ ಅಳಿಸು, ನಿಂಗೆ ನೇರ ಹೋಗುತ್ತೆ. ನನ್ನ ಅವಶ್ಯಕತೆ ಇಲ್ಲ.”

“ಏನು ಶೋಕಿ ಮಾತು! ಇಷ್ಟು ದಿನ ನಿನ್ನ ಕಾಲು, ನಿನ್ನ ಕಾಲು ಅಂತ ನನ್ನ ತಿಂದ್ಯಲ್ಲೋ! ಗೋಡೆಗೆ ಕಾಲು ಕೊಟ್ಟು ಒದ್ದೂ ಒದ್ದೂ ಸುಣ್ಣ ಉದುರಿಸಿದೀನಿ, ಗೊತ್ತಾ ನಿಂಗೆ?”

“ಆಣೆ ಮಾಡಿ ಹೇಳ್ತೀನಿ, ನಂಗೂ ಗೊತ್ತಿರ್ಲಿಲ್ಲ. ಗೊತ್ತಾಗೋದು ಬೇಡ ಅಂತಿತ್ತೇನೋ. ಪೆಡಲ್ ಕೆಟ್ಟಿದೆ ಅಂದ್ಕೊಳ್ಳೋದು ಸುಲಭ. ಏರ್‌ಫೋರ್ಸ್ ಮೆಡಿಕಲ್ ಟೆಸ್ಟ್‌ನಲ್ಲಿ ವಾಪಸ್ ಕಳ್ಸಿದ್ರು ಕೀರ್ತನ. ನಾನೇ ಬಿಟ್ಟಿದ್ದಲ್ಲ.”

“ಅದನ್ನ ನನ್ನತ್ರ ಹೇಳೋಕೆ ಏನಾಗಿತ್ತು ನಿಂಗೆ?”

“ಊರಿಗೆಲ್ಲ ಹೇಳಬಹುದು. ನಿನ್ನತ್ರಾನೇ ಆಗಲ್ಲ.”

“ಯಾಕೆ?”

“ಯಾಕೆ ಅಂದ್ರೆ...” ಅವನು ಹ್ಯಾಂಡಲ್ ನೋಡಿದ, ಕನ್ನಡಿ ನೋಡಿದ, ಕಡೆಗೆ ಅವಳನ್ನು ನೋಡಿದ. “ನೀನು ನನ್ನ ನೋಡ್ತೀಯಲ್ಲ, ವೈರ್ ಸರಿ ಮಾಡೋ ಹಾಗೆ ಮಾಡ್ಕೊಂಡು. ಆ ನೋಟ ಹೋಗ್ಬಿಡುತ್ತೆ ಅಂತ.”

ಕೀರ್ತನಳ ಕಿವಿಯವರೆಗೂ ಬಿಸಿಯೇರಿತು. ಅವನಿಗೆ ಗೊತ್ತಿತ್ತು! ಕಳ್ಳ, ಎಲ್ಲಾ ಗೊತ್ತಿತ್ತು! ಅವಳು ಕೈಚಾಚಿ ಬೈಕಿನ ಕೀ ಕಿತ್ತುಕೊಂಡಳು.

“ಒಳಗೆ ಬಾ. ಬೈಯೋದು ಇನ್ನೂ ಬೇಕಾದಷ್ಟಿದೆ.”

ಒಳಗೆ ಅವಳು ಎಡ ಬ್ರೇಕಿನ ಸೆಟ್ಟಿಂಗ್ ಅಳಿಸಿದಳು. ಅವನನ್ನು ಸೀಟಿನಲ್ಲಿ ಕೂರಿಸಿ, ತಾನು ಪೆಡಲ್‌ಗಳ ಪಕ್ಕ ನೆಲದಲ್ಲಿ ಕೂತಳು. ಅವನ ಬಲ ಹಿಮ್ಮಡಿಗೆ ಕೈ ಹಾಕಿದಳು.

“ಏಯ್! ಕಾಲು ಮುಟ್ಬೇಡ ಕಣೇ!”

“ಬಾಯ್ಮುಚ್ಚು. ಹಿಮ್ಮಡಿ ನೆಲಕ್ಕೆ ಬರ್ಲಿ. ಬೆರಳು ಪೆಡಲ್‌ನ ಮೇಲ್ತುದಿಗೆ ಹೋಗ್ದೇ ಇದ್ರೆ ಬ್ರೇಕು ಹಿಡಿಯಲ್ಲ.”

ಅವಳು ಅವನ ಹಿಮ್ಮಡಿಯನ್ನು ಮೆಲ್ಲಗೆ ಕೆಳಕ್ಕೆ ಎಳೆದಳು. ಹೊಲಿಗೆಯ ಗುರುತು ಬೆರಳಿಗೆ ತಾಗಿತು. ಬಲ ಪಟ್ಟಿಯ ಹಸಿರು ಕುಗ್ಗಿ ಕುಗ್ಗಿ ಮಾಯವಾಯಿತು. ಜೆಟ್ ರನ್‌ವೇಯ ನಡುಗೆರೆ ಹಿಡಿದು ಓಡಿತು, ಮೂಗೆತ್ತಿತು, ಪರದೆ ತುಂಬ ಆಕಾಶವಾಯಿತು. ಅವನು ಅದನ್ನು ನೋಡಲಿಲ್ಲ. ಕೆಳಗೆ ಕೂತಿದ್ದವಳ ಬೈತಲೆಯನ್ನೇ ನೋಡುತ್ತಿದ್ದ.

“ಮದುವೆಗೆ ಮುಂಚೇನೇ ಕಾಲು ಹಿಡಿಸ್ಕೊಂಡ್ಯೇನಪ್ಪಾ?” ಎಂದಳು ಕದಿರಮ್ಮ, ರಾಟೆ ನಿಲ್ಲಿಸದೆ.

ಹೊರಗೆ ಕಾರು ನಿಂತ ಸದ್ದಾಯಿತು.

ಯಶಸ್ವಿನಿ ಮೇಡಂ ಕನ್ನಡಕ ತಲೆಗೇರಿಸಿ ಒಳಬಂದರು. “ಯಾರು ಟೇಕಾಫ್ ತೋರಿಸ್ತೀರಿ?”

ಅಂಜನ್ ಎದ್ದು ಸೀಟು ಬಿಟ್ಟುಕೊಟ್ಟ. “ಇವಳು ಮೇಡಂ. ಇಷ್ಟು ದಿನ ತಪ್ಪು ನಂದಿತ್ತು, ಬೈಸ್ಕೊಂಡಿದ್ದು ಇವಳು. ನನ್ನ ಬಲಗಾಲು ಸರಿಯಾಗಿ ಮಡಚಲ್ಲ. ಅದನ್ನ ಮುಚ್ಚೋ ಹಾಗೆ ಸೆಟ್ ಮಾಡಿಟ್ಟಿದ್ದೆ.”

ಕೀರ್ತನ ಕೂತಳು. ಅಂಗಾಲು ಸಮ ಮಾಡಿದಳು. ಥ್ರಾಟಲ್ ತಳ್ಳಿದಳು. ಜೆಟ್ ಗೆರೆ ಹಿಡಿದು ಓಡಿತು. ಎಡಕ್ಕೆ ನೋಡಲಿಲ್ಲ, ಬಲಕ್ಕೆ ನೋಡಲಿಲ್ಲ. ಎದ್ದಿತು.

“ಇನ್ನೊಂದ್ಸಲ,” ಎಂದರು ಮೇಡಂ. ನೋಡಿದರು. ಫೋನ್ ಕಿವಿಗಿಟ್ಟುಕೊಂಡು ಬಾಗಿಲ ಕಡೆ ನಡೆದರು. “ಹಾಂ, ಮುಂದಿನ ರೂಮ್ ಖಾಲಿ ಮಾಡಿಸಿ. ಇಬ್ಬರೂ ಬರ್ತಾರೆ.”

ಅಂಜನ್ ಸೀಟಿನ ಬೆನ್ನಿಗೆ ಒರಗಿ ನಿಂತಿದ್ದ. ಅವನ ಬೆರಳು ಅವಳ ಜಡೆಗೆ ತಾಗಿತ್ತೋ, ತಾಗಿಸಿದ್ದನೋ.

“ನನ್ನ ಸಿಟ್ಟು ಇಳಿದಿಲ್ಲ,” ಎಂದಳು ಅವಳು, ಆಕಾಶದಿಂದ ಕಣ್ಣು ತೆಗೆಯದೆ. “ಬೈತಾನೇ ಇರ್ತೀನಿ.”

“ಬೈಯಿ,” ಎಂದ ಅವನು. “ಕೀ ನಿನ್ನತ್ರಾನೇ ಇದೆಯಲ್ಲ.”