ಗಟ್ಟಿ ಮೀನು

ಕಿವಿರುಫಲಕದ ದೀಪ ಮೂರನೆಯ ಬಾರಿಯೂ ಹಸಿರಾಗಿಯೇ ಉಳಿಯಿತು. ಅಂಗೈಯಗಲದ ಆ ಗಾಜಿನ ಮೇಲೆ ಮೀನಿನ ಕಿವಿರಿನ ಜೀವಕೋಶಗಳು ಒಂದೇ ಪದರವಾಗಿ ಬೆಳೆದಿದ್ದವು. ನೀರಿನಲ್ಲಿ ವಿಷವಿದ್ದರೆ ಕೋಶಗಳು ಸಾಯುತ್ತವೆ. ಪದರದ ವಿದ್ಯುತ್ ರೋಧ ಕುಸಿದು ದೀಪ ಕೆಂಪಾಗುತ್ತದೆ. ಈ ಸಾಧನ ಬಂದ ಮೇಲೆ ವಿಷಪರೀಕ್ಷೆಗೆಂದು ಒಂದು ಮೀನನ್ನೂ ಕೊಂದಿರಲಿಲ್ಲ. ಕೊಲ್ಲುವುದನ್ನು ಕಾನೂನೂ ನಿಷೇಧಿಸಿತ್ತು.

"ನೀರಲ್ಲಿ ದೋಷ ಇಲ್ಲ, ಗುಲಾಬಕ್ಕ," ಎಂದಳು ಸಾಧನವನ್ನು ರೂಪಿಸಿದ ವಿಜ್ಞಾನಿ ಅನಸೂಯಾ ಕೊಡಂಚ.

ಅಳಿವೆಯ ಬಳಿ ಮೀನು ಮಾರುವ ಗುಲಾಬಕ್ಕ ತನ್ನ ಕೇರಿಯ ಬಾವಿನೀರನ್ನು ಪ್ರಯೋಗಾಲಯಕ್ಕೆ ತಂದಿದ್ದಳು. ಬಹುಕಾಲದಿಂದ ಅಳಿವೆಗೆ ಬೀಳುತ್ತಿದ್ದ ಕಾರ್ಖಾನೆಯ ಕೊಳವೆಯ ನೀರು ಎರಡು ವರ್ಷಗಳಿಂದ ಆ ಬಾವಿಗೂ ಇಳಿಯುತ್ತಿತ್ತು. ದೀಪ ಕೆಂಪಾದರೆ ಮಾತ್ರ ಕೊಳವೆ ಮುಚ್ಚುತ್ತಿದ್ದರು. ಅವಳು ಚರ್ಮ ಸುಲಿದ ಬೆರಳುಗಳನ್ನು ಚಾಚಿದಳು.

"ಹೋಯ್ ಅಮ್ಮ, ಕೇರಿಯೋರ ಕೈಯೆಲ್ಲ ಹೀಂಗೇ ಇತ್ತ್. ಒಂದ್ ಮೀನ್ ಬಿಟ್ಟ್ ಕಾಣಿ ಇದ್ರಗೆ. ನೀವ್ ಚಾ ಕುಡಿದು ಮುಗ್ಸುದ್ರೊಳಗೆ ಹೊಟ್ಟಿ ಮೇಲ್ ಮಾಡತ್ತ್."

"ಮೀನು ಬಿಟ್ರೆ ನಾನು ಜೈಲಿಗೆ ಹೋಗ್ಬೇಕಾಗ್ತದೆ."

"ಹಂಗಾರೆ ಆ ಗಾಜಿನಗೆ ಇಪ್ದ್ ಯಾವ್ ಮೀನ್?"

"ನೀವೇ ಕೊಟ್ಟದ್ದು. ಒಂಬತ್ತು ವರ್ಷದ ಹಿಂದೆ ಒಂದು ಗಟ್ಟಿ ಮೀನು ಬೇಕು ಅಂತ ಕೇಳಿದ್ದೆನಲ್ಲ? ಎಲ್ಲಾ ಫಲಕಗಳ ಕೋಶಗಳೂ ಅದರಿಂದಲೇ ಬೆಳೆಸಿದ್ದು."

ಗುಲಾಬಕ್ಕ ನಕ್ಕುಬಿಟ್ಟಳು. "ಅದಾ! ಆವತ್ತ್ ಬಾಲ್ದಿಗೆ ಕೊಳವಿ ಬುಡದ್ ನೀರೇ ತುಂಬ್ಸಿದ್ದೆ. ಇಲ್ಲಿಗ್ ಬಪ್ಪತಿಗೆ ಉಳಿದದ್ದೆಲ್ಲ ಸತ್ತ್ ಹೋದೊ, ಅದೊಂದೇ ಕುಣೀತಿದ್ದಿತ್. ನೀವ್ ಗಟ್ಟಿದ್ದ್ ಬೇಕ್ ಅಂದ್ರಿ, ಗಟ್ಟಿದ್ದನ್ನೇ ಕೊಟ್ಟೆ."

ಅನಸೂಯಾಳ ಕೈ ಫಲಕದ ಮೇಲೆಯೇ ನಿಂತಿತು. ಅವಳು ಕೇಳಿದ್ದು ಆರೋಗ್ಯವಂತ ಮೀನನ್ನು; ಸಿಕ್ಕಿದ್ದು ಆ ವಿಷವನ್ನೇ ಜಯಿಸಿದ ಮೀನು. ಅದರ ಕೋಶಗಳು ಈ ಕೊಳವೆಯ ನೀರಿಗೆ ಎಂದೂ ಸಾಯುವುದಿಲ್ಲ. ಬೇರೆ ಮೀನಿನ ಕೋಶಗಳನ್ನು ಬೆಳೆಸಬಹುದು. ಆದರೆ ಅವು ಮಾನ್ಯವಾಗಬೇಕಾದರೆ ಫಲಿತಾಂಶವನ್ನು ಒಮ್ಮೆ ಅದೇ ನೀರಿಗೆ ಬಿಟ್ಟ ಜೀವಂತ ಮೀನಿನೊಂದಿಗೆ ಹೋಲಿಸಬೇಕು. ಅದಕ್ಕೆ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಒಂದು ವಿನಾಯಿತಿಯೂ ನುಸುಳದಂತೆ ಆ ನಿಷೇಧದ ಕರಡನ್ನು ಬರೆದವಳು ಅವಳೇ.

ಯಂತ್ರ ತಾನಾಗಿಯೇ ಪ್ರಮಾಣಪತ್ರವನ್ನು ಮುದ್ರಿಸಿ ಹೊರದೂಡಿತು. ಓದಲು ಬಾರದ ಗುಲಾಬಕ್ಕ ಅದನ್ನೆತ್ತಿಕೊಂಡು ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ದಪ್ಪಕ್ಷರದಗೆ ಬರ್ದದ್ದ್ ಎಂತ ಅಮ್ಮ? ಕೊಳವಿ ಮುಚ್ಚುಕ್ ಹೇಳಿತ್ತಾ?"

ಸುಲಿದ ಬೆರಳಿನ ಕೆಳಗಿದ್ದ ಆ ಸಾಲು ಅನಸೂಯಾಳದೇ ರಚನೆ, ಅವಳಿಗೆ ಬಾಯಿಪಾಠವಾಗಿತ್ತು.

‘ಈ ಪರೀಕ್ಷೆಯಲ್ಲಿ ಯಾವ ಜೀವಿಗೂ ನೋವಾಗಿಲ್ಲ.’